ನಲವತ್ತು ಟಾಪ್ಸ್, ಒಂದು ಡಾಂಗಲ್

ಮಾರ್ಚ್ ಹತ್ತಿರ ಬಂದಾಗ ಆಡಿಟರ್ ಮಾತು ಕೇಳಿ ಕಂಪ್ಯೂಟರ್ ಕೊಳ್ಳುವುದು ವ್ಯಾಪಾರಸ್ಥರ ಹಳೆಯ ರೂಢಿ. ಕಂಪ್ಯೂಟರಿಗೆ ನೂರಕ್ಕೆ 40ರಷ್ಟು ಸವಕಳಿ ಸಿಗುತ್ತದೆ, ಕೊಟ್ಟ 18% ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ ಎಂಬುದು ಲೆಕ್ಕ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದಕ್ಕೆ ಸವಕಳಿ ಅರ್ಧ ಮಾತ್ರ ಎಂಬುದು ಬಿಲ್ ಕೈಗೆ ಬಂದ ಮೇಲೆ ನೆನಪಾಗುತ್ತದೆ. ಈಗ ಈ ಅವಸರದ ಖರೀದಿಗೆ ಹೊಸ ಆಕರ್ಷಣೆಯೊಂದು ಸೇರಿಕೊಂಡಿದೆ: ಎಐ ಪಿಸಿ. ಮೆಕ್ಕೆಜೋಳದ ದಲ್ಲಾಳಿ ಅಂಗಡಿಯವರಾಗಲಿ, ಬಟ್ಟೆ ವ್ಯಾಪಾರಿಯಾಗಲಿ, ರಕ್ತಪರೀಕ್ಷೆಯ ಲ್ಯಾಬಿನವರಾಗಲಿ, ಇನ್ನು ಮುಂದೆ ಇದೇ ಬೇಕಾಗುತ್ತದೆ ಎನ್ನುವ ಮಾತನ್ನು ಕೇಳಿಯೇ ಇರುತ್ತಾರೆ. ಯಾವ ಕೆಲಸಕ್ಕೆ ಬೇಕಾಗುತ್ತದೆ ಎಂದು ಹೇಳುವವರು ಕಡಿಮೆ.

ಎಐ ಪಿಸಿ ಎಂಬ ಸ್ಟಿಕ್ಕರಿನ ಹಿಂದೆ ಏನಿದೆ ನೋಡೋಣ. ಇಂಟೆಲ್ 2023ರ ಡಿಸೆಂಬರಿನಲ್ಲಿ ತಂದ ಮೊದಲ ಕೋರ್ ಅಲ್ಟ್ರಾ ಚಿಪ್ಪಿನಲ್ಲಿ ಎಐ ಲೆಕ್ಕಗಳಿಗೆಂದೇ ಎನ್‌ಪಿಯು ಎಂಬ ಪ್ರತ್ಯೇಕ ಭಾಗವಿತ್ತು, ಅದರ ಶಕ್ತಿ ಸುಮಾರು 11 ಟಾಪ್ಸ್. ಒಂದು ಟಾಪ್ಸ್ ಎಂದರೆ ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕ. ಆರೇ ತಿಂಗಳೊಳಗೆ, 2024ರ ಮೇ 20ರಂದು, ಮೈಕ್ರೋಸಾಫ್ಟ್ ಕೋಪೈಲಟ್ ಪ್ಲಸ್ ಎಂಬ ಮಟ್ಟ ಗೊತ್ತುಮಾಡಿತು: ಕನಿಷ್ಠ 40 ಟಾಪ್ಸ್, 16 ಜಿಬಿ ಮೆಮೊರಿ, 256 ಜಿಬಿ ಸ್ಟೋರೇಜ್. ಹನ್ನೊಂದರದ್ದೂ ಎಐ ಪಿಸಿ, ನಲವತ್ತೆಂಟರದ್ದೂ ಎಐ ಪಿಸಿ. ಗಿರಾಕಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ತಿಳಿದರೂ ದೊಡ್ಡ ಪ್ರಯೋಜನವಿಲ್ಲ ಎಂಬುದು ನನ್ನ ತಕರಾರು. ನಮ್ಮ ವ್ಯಾಪಾರಿಗಳು ಎಐ ಎಂದು ಬಳಸುವುದು ಹೆಚ್ಚಾಗಿ ಚಾಟ್‌ಜಿಪಿಟಿ ಅಥವಾ ಜೆಮಿನಿ. ಅವು ನಡೆಯುವುದು ದೂರದ ಡೇಟಾ ಸೆಂಟರಿನಲ್ಲಿ. ಹತ್ತು ವರ್ಷದ ಹಳೆಯ ಕಂಪ್ಯೂಟರೂ, ಕೈಯಲ್ಲಿರುವ ಫೋನೂ ಅದಕ್ಕೆ ಸಾಕು. ಎನ್‌ಪಿಯು ಇವತ್ತು ಚೆನ್ನಾಗಿ ಮಾಡುವುದು ವಿಡಿಯೊ ಕರೆಯಲ್ಲಿ ಹಿನ್ನೆಲೆ ಮಸುಕು ಮಾಡುವಂಥ, ಗದ್ದಲ ಸೋಸುವಂಥ ಕೆಲಸಗಳನ್ನು, ಅದೂ ಬ್ಯಾಟರಿ ಉಳಿಸಿಕೊಂಡು. ಒಳ್ಳೆಯದೇ. ಆದರೆ ಎಪಿಎಂಸಿ ಯಾರ್ಡಿನಲ್ಲಿ ಕೂತವನಿಗೆ ಹಿನ್ನೆಲೆ ಮಸುಕು ಮಾಡುವ ದರ್ದು ಎಷ್ಟಿರುತ್ತದೆ? ತುಂಬ ಸದ್ದು ಮಾಡಿದ ರೀಕಾಲ್ ಸೌಲಭ್ಯ, ಪರದೆಯ ಮೇಲೆ ಕಂಡದ್ದನ್ನೆಲ್ಲ ನೆನಪಿಟ್ಟು ಹುಡುಕಿಕೊಡುವಂಥದ್ದು, ಖಾಸಗಿತನದ ಗಲಾಟೆಯಿಂದ ತಡವಾಗಿ 2025ರ ಏಪ್ರಿಲಿನಲ್ಲಿ ಎಲ್ಲರ ಕೈಗೆ ಬಂತು. ಅದನ್ನು ಹದಗೊಳಿಸಿದ್ದು ಇಂಗ್ಲಿಷ್, ಚೀನೀ, ಫ್ರೆಂಚ್, ಜರ್ಮನ್, ಜಪಾನೀ, ಸ್ಪ್ಯಾನಿಷ್ ಭಾಷೆಗಳಿಗೆ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ.

ಹರಿಹರದ ಮಂದಿಗೆ ಯಂತ್ರ ಕೊಳ್ಳುವುದನ್ನು ಯಾರೂ ಕಲಿಸಬೇಕಿಲ್ಲ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡುತ್ತಿತ್ತು; ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದರೂ ಆ ತಿಳಿವಳಿಕೆ ಊರಲ್ಲಿ ಉಳಿದಿದೆ. ಲೇತ್ ಕೊಳ್ಳುವವನು ಮೋಟರಿನ ಎಚ್‌ಪಿ ಒಂದನ್ನೇ ಕೇಳಿ ಹಣ ಎಣಿಸುವುದಿಲ್ಲ. ಬೆಡ್ ಎಷ್ಟು ಉದ್ದ, ಸ್ಪಿಂಡಲ್ ರಂಧ್ರದಲ್ಲಿ ಎಷ್ಟು ದಪ್ಪದ ಸರಳು ತೂರುತ್ತದೆ ಎಂದು ಕೇಳುತ್ತಾನೆ, ಯಾಕೆಂದರೆ ಜಾಬ್ ಕೂರದ ಯಂತ್ರಕ್ಕೆ ಎಚ್‌ಪಿ ಎಷ್ಟಿದ್ದರೇನು. ಟಾಪ್ಸ್ ಎನ್ನುವುದು ಈ ಎಚ್‌ಪಿ. ಬೆಡ್ ಎಂದರೆ ಮೆಮೊರಿ.

ಲೆಕ್ಕ ಹಾಕಿಯೇ ನೋಡಬಹುದು. ಸ್ವಂತ ಯಂತ್ರದಲ್ಲೇ ಓಡಿಸಲು 800 ಕೋಟಿ ಪ್ಯಾರಾಮೀಟರಿನ ಎಐ ಮಾದರಿಯೊಂದನ್ನು 4 ಬಿಟ್‌ಗೆ ಕುಗ್ಗಿಸಿದರೆ ಸುಮಾರು 5 ಜಿಬಿ ಆಗುತ್ತದೆ. ಉತ್ತರದ ಒಂದೊಂದು ತುಣುಕು ಹೊರಬೀಳುವಾಗಲೂ ಆ 5 ಜಿಬಿ ಪೂರ್ತಿ ಮೆಮೊರಿಯಿಂದ ಹಾದು ಹೋಗಬೇಕು. ಡಿಡಿಆರ್5-5600ರ 16 ಜಿಬಿಯ ಒಂದೇ ಕಡ್ಡಿ ಹಾಕಿದ ಯಂತ್ರದಲ್ಲಿ ಸೆಕೆಂಡಿಗೆ ಹಾಯುವುದು ಹೆಚ್ಚೆಂದರೆ 44.8 ಜಿಬಿ. ಅಂದರೆ ಒಂಬತ್ತು ತುಣುಕಿನ ಒಳಗೆ. ಅದೇ 16 ಜಿಬಿಯನ್ನು ಎಂಟೆಂಟರ ಎರಡು ಕಡ್ಡಿಯಾಗಿ ಹಾಕಿದರೆ ದಾರಿ ಇಮ್ಮಡಿ, ವೇಗವೂ ಹೆಚ್ಚುಕಮ್ಮಿ ಇಮ್ಮಡಿ. ಕನ್ನಡದ ಒಂದು ಪದ ಇಂಗ್ಲಿಷಿಗಿಂತ ಹೆಚ್ಚು ತುಣುಕಾಗಿ ಒಡೆಯುವುದರಿಂದ ನಮಗೆ ಇದರ ಬಿಸಿ ಜಾಸ್ತಿ ತಟ್ಟುತ್ತದೆ. ಇಷ್ಟು ಮುಖ್ಯವಾದ ಸಂಗತಿ ಕೊಟೇಶನ್ನಿನಲ್ಲಿ ‘16 ಜಿಬಿ ರ‍್ಯಾಮ್’ ಎಂಬ ಒಂದೇ ಸಾಲಾಗಿ ಬಂದು ಹೋಗುತ್ತದೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಂತೂ ಮೆಮೊರಿಯನ್ನು ಬೆಸುಗೆ ಹಾಕಿಯೇ ಕಳಿಸುತ್ತಾರೆ. ಮುಂದೆ ಏರಿಸುವ ದಾರಿಯಿಲ್ಲ. ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡು 2025ರ ಕೊನೆಗೆ ರ‍್ಯಾಮ್ ಬೆಲೆ ಏರಿದ್ದರಿಂದ ಮೆಮೊರಿಯ ಆಯ್ಕೆಯಲ್ಲಿ ಎಡವಿದರೆ ಇನ್ನಷ್ಟು ದುಬಾರಿ.

ಇನ್ನು ಡಾಂಗಲ್, ಅಂದರೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್. ಕೋಪೈಲಟ್ ಪ್ಲಸ್ ಹೆಸರಿನಲ್ಲಿ ಮೊದಲು ಬಂದ ಲ್ಯಾಪ್‌ಟಾಪ್‌ಗಳಲ್ಲಿದ್ದದ್ದು ಸ್ನ್ಯಾಪ್‌ಡ್ರಾಗನ್ ಎಕ್ಸ್ ಚಿಪ್ಪು. ಬ್ಯಾಟರಿ ಬಾಳಿಕೆ ನಿಜಕ್ಕೂ ಚೆನ್ನ. ಅದು ಆರ್ಮ್ ಜಾತಿಯದ್ದು. ಹಳೆಯ ವಿಂಡೋಸ್ ತಂತ್ರಾಂಶಗಳನ್ನು ಅನುಕರಣೆಯ ಮೇಲೆ ಓಡಿಸುತ್ತದೆ, ಆದರೆ ಯಂತ್ರದ ಆಳಕ್ಕಿಳಿಯುವ ಡ್ರೈವರುಗಳಿಗೆ ಅನುಕರಣೆ ನಡೆಯುವುದಿಲ್ಲ, ಆರ್ಮ್‌ಗೆಂದೇ ಬರೆದದ್ದು ಬೇಕು. ಆಡಿಟರ್ ಕಚೇರಿಯ ಮೇಜನ್ನು ನೆನೆಸಿಕೊಳ್ಳಿ: ರಬ್ಬರ್ ಬ್ಯಾಂಡ್ ಸುತ್ತಿದ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ನುಗಳ ಕಟ್ಟು, ಮೂಲೆಯಲ್ಲಿ ಕಿರ್ರೆನ್ನುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಒಡೆಯ ಒಬ್ಬನೇ ಆಗಿರುವ ಅಂಗಡಿಯಾದರೆ ಜಿಎಸ್‌ಟಿ ರಿಟರ್ನಿಗೆ ಒಟಿಪಿ ಸಾಕು, ಕಂಪನಿಯಾದರೆ ಆ ಟೋಕನ್ ಬೇಕೇ ಬೇಕು. ಅದಕ್ಕೆ ಆರ್ಮ್ ಡ್ರೈವರ್ ಇಲ್ಲದಿದ್ದರೆ 45 ಟಾಪ್ಸಿನ ಯಂತ್ರದ ಪಕ್ಕದಲ್ಲೇ ಹಳೆಯ ಕಂಪ್ಯೂಟರನ್ನು ಸಹಿಗೆಂದು ಇಟ್ಟುಕೊಳ್ಳಬೇಕಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಯಂತ್ರದಲ್ಲಿಲ್ಲ, ನಮ್ಮ ಕಡತಗಳಲ್ಲಿದೆ. ಪ್ರಿಂಟಿಂಗ್ ಪ್ರೆಸ್ಸು, ವಕೀಲರ ಕಚೇರಿ, ಸಹಕಾರ ಸಂಘಗಳ ಕನ್ನಡವೆಲ್ಲ ವರ್ಷಗಟ್ಟಲೆ ಯುನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಕೂತಿದೆ. ಕಣ್ಣಿಗೆ ‘ಕನ್ನಡ’ ಎಂದು ಕಾಣುವುದು ಯಂತ್ರದ ಒಳಗೆ ಇಂಗ್ಲಿಷಿನ ಪಿ ಅಕ್ಷರ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡಿನ ಚಿಹ್ನೆ ಹೀಗೆ ಸಾಲುಗಟ್ಟಿರುತ್ತದೆ. ಅದನ್ನು ಯಾವ ಎಐ ಮುಂದಿಟ್ಟು ಸಾರಾಂಶ ಕೇಳಿದರೂ ಬರುವುದು ಊಹೆ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಕೆಟ್ಟ ಕಡೆ ಕೈಯಿಂದ ತಿದ್ದಬೇಕು. ಅದಕ್ಕೆ ಬೇಕಾದ್ದು ಕನ್ನಡ ಬಲ್ಲ ಒಬ್ಬ ಹುಡುಗ ಅಥವಾ ಹುಡುಗಿಯ ಕೆಲವು ತಿಂಗಳ ಸಂಬಳ. ಹೊಸ ಲ್ಯಾಪ್‌ಟಾಪಿಗೆ ತೆಗೆದಿಟ್ಟ ದುಡ್ಡನ್ನು ಇದಕ್ಕೆ ಹಾಕಿದರೆ ಹೆಚ್ಚು ದಕ್ಕುತ್ತದೆ ಎಂದೇ ಹೇಳುತ್ತೇನೆ.

ಹಾಗಾದರೆ ಯಾರಿಗೂ ಬೇಡವೇ? ಬೇಕು, ಬೇರೆಯವರ ಗುಟ್ಟು ಕಾಯುವವರಿಗೆ. ರೋಗಿಗಳ ವರದಿ ಇಟ್ಟುಕೊಂಡ ಲ್ಯಾಬು, ಗಿರಾಕಿಗಳ ಬ್ಯಾಂಕ್ ವಿವರ ಇಟ್ಟುಕೊಂಡ ಆಡಿಟರ್ ಅದನ್ನೆಲ್ಲ ಬಿಟ್ಟಿ ಚಾಟ್‌ಬಾಟಿಗೆ ಸುರಿಯುವುದು ಸಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಅಂಥವರಿಗೆ ಕಚೇರಿಯೊಳಗೇ ಮಾದರಿ ಓಡಿಸುವ ಒಂದು ಯಂತ್ರ ಸಾರ್ಥಕ. ಆದರೆ ಅದು ತೆಳು ಲ್ಯಾಪ್‌ಟಾಪ್ ಆಗಬೇಕಿಲ್ಲ. 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿದ ಡೆಸ್ಕ್‌ಟಾಪಿನಲ್ಲಿ ಸೆಕೆಂಡಿಗೆ 360 ಜಿಬಿ ಹಾಯುತ್ತದೆ, ಮೇಲೆ ಲೆಕ್ಕ ಹಾಕಿದ ಒಂಟಿ ಕಡ್ಡಿಯ ಎಂಟು ಪಟ್ಟು. ಅಂಥ ಡಬ್ಬದ ಮೇಲೆ ಎಐ ಪಿಸಿ ಎಂಬ ಸ್ಟಿಕ್ಕರ್ ಇರಲಿಕ್ಕಿಲ್ಲ. ಕಾರ್ಡೊಂದೇ 170 ವ್ಯಾಟ್ ಎಳೆಯುತ್ತದೆ. ಅಂಗಡಿಗಳಲ್ಲಿರುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್, ಪ್ರೊಸೆಸರ್, ಪರದೆಯ ಎಳೆತವೂ ಸೇರುವುದರಿಂದ ಅದಕ್ಕಿಂತ ದೊಡ್ಡದಿದ್ದರೆ ಕ್ಷೇಮ. ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಯ ಕಡೆ ಇಡುವುದಾದರೆ ಫ್ಯಾನಿಗೆ ಹೊಟ್ಟು, ಮಸಿ ಕಟ್ಟದಂತೆ ನೋಡಿಕೊಳ್ಳಬೇಕು. ಹರಿಹರದ ವರ್ಕ್‌ಶಾಪಿನವರ ಡ್ರಾಯಿಂಗ್ ತಂತ್ರಾಂಶಗಳೂ ನೆಚ್ಚುವುದು ಪ್ರೊಸೆಸರನ್ನು, ಗ್ರಾಫಿಕ್ಸ್ ಕಾರ್ಡನ್ನು. ಎನ್‌ಪಿಯು ಅಲ್ಲಿ ಸುಮ್ಮನೆ ಕೂತಿರುತ್ತದೆ.

ಇಷ್ಟಾದರೂ ಎಐ ಪಿಸಿಯೇ ಬೇಕೆನ್ನುವವರು ಪೆನ್‌ಡ್ರೈವಿನಲ್ಲಿ ತಮ್ಮದೇ ನಾಲ್ಕು ಕನ್ನಡ ಬಿಲ್ಲು, ಜೇಬಿನಲ್ಲಿ ಸಹಿಯ ಟೋಕನ್ ಇಟ್ಟುಕೊಂಡು ಅಂಗಡಿಗೆ ಹೋಗಲಿ. ವೈಫೈ ತೆಗೆಸಿ, ಬಿಲ್ಲಿನ ಮೊತ್ತ ಎಷ್ಟೆಂದು ಆ ಯಂತ್ರವನ್ನೇ ಕೇಳಲಿ. ವೈಫೈ ಮತ್ತೆ ಹಾಕಿಸಿ, ಟೋಕನ್ ಚುಚ್ಚಿ ಪೋರ್ಟಲಿನಲ್ಲಿ ಒಂದು ಸಹಿ ಮಾಡಿ ನೋಡಲಿ. ಎರಡೂ ಆದ ಮೇಲೆ ಮಾತಾಡಲಿ ದರ.