ಬಾಲ್ಕನಿಯಿಂದ ಚೆಂದದ ಹುಲ್ಲು

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಲಾನ್ ಎಂಥದ್ದು ಎಂದು ಹೇಳುವ ಮೊದಲು, ಅದನ್ನು ಎಲ್ಲಿ ನಿಂತು ನೋಡಲೆಂದು ಮಾಡಿದ್ದಾರೆ ಎಂದು ಕೇಳಬೇಕು. ಬಿಲ್ಡರ್‌ಗಳ ಬ್ರೋಷರ್‌ನಲ್ಲಿ ಅದು ಹೆಚ್ಚಾಗಿ ಮೇಲಿನಿಂದ ಕಂಡ ಚಿತ್ರ: ಬಳುಕುವ ಕಾಲುದಾರಿ, ನೀಲಿ ಈಜುಕೊಳ, ಸುತ್ತ ಒಂದೇ ಬಣ್ಣದ ಹುಲ್ಲು. ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ನಿಂತವರ ಮಟ್ಟಿಗೆ ಕೆಲಸ ಚೆನ್ನಾಗಿಯೇ ಆಗಿದೆ. ಕೆಳಗಿಳಿದರೆ ಮಾತು ಬೇರೆ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಕೂರಲು ಅಂಗೈಯಗಲ ನೆರಳಿಲ್ಲ. ಸಂಜೆ ಮಕ್ಕಳು ಚೆಂಡು ತಂದರೆ ಸೆಕ್ಯುರಿಟಿಯವರ ಸೀಟಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇಂಥ ಸಾಮಾನ್ಯ ಜಾಗದಲ್ಲಿ ಪ್ರತಿ ಮನೆಗೂ ಅವಿಭಜಿತ ಪಾಲು ಕೊಡುತ್ತದೆ. ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಫಲಕ ನೆಡಿಸುವವರೂ ಆ ಪಾಲುದಾರರೇ!

ಇದೇ ಊರಿನ ಕಬ್ಬನ್ ಪಾರ್ಕಿಗೆ ಭಾನುವಾರ ಹೋಗಿ ನೋಡಿ. ಜನ ಚಾಪೆ ಹಾಸಿ ಕೂರುವುದು ಮರದ ಬುಡದಲ್ಲಿ. ನೆರಳಲ್ಲಿ ಹುಲ್ಲು ಅರೆಬರೆ, ಎಷ್ಟೋ ಕಡೆ ಬರೀ ಮಣ್ಣು. ಯಾರೂ ದೂರುವುದಿಲ್ಲ.

ಇನ್ನು ನೀರಿನ ಲೆಕ್ಕ. ಬೆಂಗಳೂರಿಗೆ ವರ್ಷಕ್ಕೆ ಹೆಚ್ಚುಕಡಿಮೆ 970 ಮಿ.ಮೀ. ಮಳೆಯಾಗುತ್ತದೆ, ಆದರೆ ಜನವರಿಯಿಂದ ಮಾರ್ಚ್‌ವರೆಗೆ ಅದರಲ್ಲಿ ಬರುವುದು ತೀರಾ ಅಲ್ಪ. ಆ ದಿನಗಳಲ್ಲಿ ಹುಲ್ಲು ಹಸಿರಾಗಿ ಉಳಿಯಲು ದಿನಕ್ಕೆ 5 ಮಿ.ಮೀ. ನೀರು ಎಂದಿಟ್ಟುಕೊಳ್ಳೋಣ. 10,000 ಚದರಡಿಯ ಲಾನಿಗೆ ಅದು ಸುಮಾರು 4,600 ಲೀಟರ್. ತಿಂಗಳಿಗೆ 12,000 ಲೀಟರಿನ ಟ್ಯಾಂಕರ್ ಹನ್ನೊಂದಕ್ಕೂ ಹೆಚ್ಚು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಕಾವೇರಿಯನ್ನು ಪಂಪು ಮಾಡಿ ತರುವ ಊರು ಇದು. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿ, ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಬೇಕಾಯಿತು.

ಲಾನಿನ ಪರ ಇರುವ ಗಟ್ಟಿ ವಾದ ಎಸ್‌ಟಿಪಿಯದು, ಅಂದರೆ ಕೊಳಚೆ ನೀರಿನ ಶುದ್ಧೀಕರಣ ಘಟಕದ್ದು. ದೊಡ್ಡ ಸಮುಚ್ಚಯಗಳು ತಮ್ಮ ಕೊಳಚೆ ನೀರನ್ನು ತಾವೇ ಶುದ್ಧೀಕರಿಸಬೇಕು, ಫ್ಲಶ್‌ಗೆ ಬಳಸಿ ಮಿಕ್ಕದ್ದು ಹೇಗೂ ಚರಂಡಿಗೆ ಹೋಗುತ್ತದೆ, ಹುಲ್ಲಿಗೆ ಬಿಟ್ಟರೇನು ತಪ್ಪು? ತಪ್ಪಿಲ್ಲ, ಒಪ್ಪುತ್ತೇನೆ. ಆದರೆ ಬೋರ್‌ವೆಲ್ಲಿನ ಗಡಸು ನೀರನ್ನು ಮೆದು ಮಾಡಲು ಸಾಫ್ಟ್‌ನರ್‌ಗೆ ಮೂಟೆಗಟ್ಟಲೆ ಉಪ್ಪು ಸುರಿಯುವ ಕಡೆ ಆ ಸೋಡಿಯಂ ಎಸ್‌ಟಿಪಿ ದಾಟಿಯೂ ನೀರಿನಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ಅದನ್ನೇ ಉಣಿಸಿದರೆ ಜಿಗುಟು ಅಂಶವಿರುವ ಮಣ್ಣಿನ ರಂಧ್ರಗಳು ಮುಚ್ಚಿ ನೆಲ ಬಿರುಸಾಗುತ್ತದೆ. ಅಲ್ಲಲ್ಲಿ ಹುಲ್ಲು ಒಣಗುತ್ತದೆ, ವಾಟ್ಸಾಪ್ ಗ್ರೂಪಿಗೆ ಫೋಟೋ ಬೀಳುತ್ತದೆ, ಬೈಗುಳ ಮಾಲಿಗೆ. ಮುಂದಿನ ಮೀಟಿಂಗಿನಲ್ಲಿ ಹೊಸ ಮೆಕ್ಸಿಕನ್ ಗ್ರಾಸ್ ಹಾಸಲು ಕೊಟೇಶನ್.

ಇಷ್ಟಾದರೂ ಅಸೋಸಿಯೇಷನ್‌ನವರ ಅಭಿರುಚಿಯನ್ನೇ ಬೈದರೆ ಅನ್ಯಾಯವಾದೀತು. ತಪ್ಪು ಅವರು ಬರುವ ಮೊದಲೇ, ನಕ್ಷೆಯಲ್ಲೇ ಆಗಿರುತ್ತದೆ. ಕಾರು ನಿಲ್ಲಿಸಲು ನಿವೇಶನದ ಬಹುಪಾಲನ್ನು ಅಗೆದು ಬೇಸ್‌ಮೆಂಟ್ ಮಾಡಿದ ಮೇಲೆ, ತೋಟ ಎನ್ನುವುದು ಕಾಂಕ್ರೀಟ್ ಸ್ಲ್ಯಾಬಿನ ಮೇಲೆ ಒಂದೆರಡು ಅಡಿ ಹರಡಿದ ಮಣ್ಣು ಅಷ್ಟೆ. ಹೊಂಗೆ, ನೇರಳೆ ಅಲ್ಲಿ ಬೇರು ಇಳಿಸುವುದಾದರೂ ಎಲ್ಲಿಗೆ? ಇಳಿಸಹೊರಟರೆ ವಾಟರ್‌ಪ್ರೂಫಿಂಗ್ ಹಾಳಾಗಿ ಕೆಳಗಿನ ಕಾರಿನ ಮೇಲೆ ನೀರು ತೊಟ್ಟಿಕ್ಕುತ್ತದೆ. ಹಾಗಾಗಿ ಹುಲ್ಲು, ಡುರಾಂಟಾ ಬೇಲಿ, ನಾಲ್ಕು ಪಾಮ್ ಗಿಡ. ಲ್ಯಾಂಡ್‌ಸ್ಕೇಪಿಂಗ್ ಎಂದು ಮಾರುವ ಸರಕಿನಲ್ಲಿ ಹೆಚ್ಚಿನದು ಪಾರ್ಕಿಂಗ್‌ನ ತಾರಸಿಯ ಅಲಂಕಾರ.

ನಿರ್ವಹಣೆಯಲ್ಲಿ ನನಗೆ ಅರ್ಥವೇ ಆಗದ ಸಂಗತಿಗಳಿವೆ. ಫೆಬ್ರವರಿ-ಮಾರ್ಚ್‌ನಲ್ಲಿ ಉದುರಿದ ಎಲೆಗಳನ್ನು ಗುಡಿಸಿ, ಗೋಣಿಚೀಲಕ್ಕೆ ತುಂಬಿ ಹೊರಗೆ ಸಾಗಿಸುತ್ತಾರೆ. ಜೂನ್‌ನಲ್ಲಿ ದುಡ್ಡು ಕೊಟ್ಟು ಗೊಬ್ಬರದ ಲೋಡು ತರಿಸುತ್ತಾರೆ. ಮೆಕ್ಸಿಕನ್ ಹುಲ್ಲಿನ ನಡುವೆ ತಾನಾಗಿ ಹಬ್ಬಿದ ಗರಿಕೆಯನ್ನು ಕಳೆಯೆಂದು ಕೀಳಿಸುತ್ತಾರೆ. ಚೌತಿಯ ದಿನ ಅದನ್ನೇ ಬುಟ್ಟಿಯವಳ ಹತ್ತಿರ ಚೌಕಾಸಿ ಮಾಡಿ ಕೊಳ್ಳುತ್ತಾರೆ. ತುಳಿತ, ಬಿಸಿಲು ಎರಡನ್ನೂ ತಾಳುವ ಹುಲ್ಲು ಈ ನೆಲದಲ್ಲೇ ಇದೆ. ಗಾಲ್ಫ್ ಮೈದಾನಗಳವರು ಅದರ ತಳಿಗಳನ್ನು ಬರ್ಮುಡಾ ಗ್ರಾಸ್ ಎಂದು ಸಾಕುತ್ತಾರೆ.

ಲಾನೇ ಬೇಡ ಎನ್ನುತ್ತಿಲ್ಲ. ಮಕ್ಕಳು ಉರುಳಾಡಲು, ವಯಸ್ಸಾದವರು ಬರಿಗಾಲಲ್ಲಿ ನಡೆಯಲು ಒಂದು ತುಂಡು ಇರಲಿ, ಗರಿಕೆಯದೇ ಆಗಲಿ, ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದರೂ ಆಗಲಿ. ಮಳೆ ಬಿದ್ದರೆ ಚಿಗುರುತ್ತದೆ. ಸ್ಲ್ಯಾಬಿನ ಮೇಲಿನ ಉಳಿದ ಜಾಗಕ್ಕೆ ಒಂದೆಲಗ, ಲಂಟಾನದ ಹಾಗೆ ಆಕ್ರಮಿಸಿ ಹಬ್ಬದ ಪೊದೆಗಳು, ದಾಸವಾಳ, ಕರಿಬೇವು ಸಾಕು. ಕಾಂಪೌಂಡಿನ ಪಕ್ಕ, ಬೇಸ್‌ಮೆಂಟ್ ಮುಟ್ಟದ ಪಟ್ಟಿ ಎಲ್ಲಿದ್ದರೂ ಅಲ್ಲಿ ಮರ. ಇದನ್ನು ಹೇಳಿದ ಕೂಡಲೇ ಸಭೆಯಲ್ಲಿ ಎರಡು ಆಕ್ಷೇಪ ಬರುತ್ತವೆ. ರೀಸೇಲ್ ಬೆಲೆ ಇಳಿಯುತ್ತದೆ ಎಂಬುದು ಒಂದು. ಕೊಳ್ಳಲು ಬಂದವರು ಹುಲ್ಲಿಗಿಂತ ಮೊದಲು ಟ್ಯಾಂಕರ್ ಖರ್ಚನ್ನು ವಿಚಾರಿಸುವ ಕಾಲ ಈಗ. ಗಿಡ ದಟ್ಟವಾದರೆ ಹಾವು ಬರುತ್ತದೆ ಎಂಬುದು ಇನ್ನೊಂದು. ಭಯ ಸುಳ್ಳಲ್ಲ, ಆದರೆ ಹಾವು ಬರುವುದು ಹೆಚ್ಚಾಗಿ ಇಲಿ ಹುಡುಕಿಕೊಂಡು. ಇಲಿಗಳ ವಿಚಾರ ಚರ್ಚಿಸಬೇಕಾದವರು ತೋಟದ ಸಮಿತಿಯವರಲ್ಲ, ಬೇಸ್‌ಮೆಂಟಿನ ಕಸದ ಕೋಣೆಯ ಉಸ್ತುವಾರಿ ಹೊತ್ತವರು.