ನಲವತ್ತರ ಮಿತಿ ಎಷ್ಟು ಸರಿ? ಹೊಸದಾಗಿ ಕಟ್ಟಿದ ಟೂ ಸ್ಟ್ರೋಕ್ ಎಂಜಿನ್ನಿನ ಹದ: ಒಂದು ವಿಮರ್ಶೆ

ಹುಬ್ಬಳ್ಳಿ ಸಮೀಪದ ಸುಳ್ಳದಂಥ ಎರೆ ನೆಲದ ಊರುಗಳಲ್ಲಿ ಹಳೆಯ ಟೂ ಸ್ಟ್ರೋಕ್ ಬೈಕಿನ ಸದ್ದನ್ನು ನೀವು ಕೇಳಿರಬಹುದು. ಅಂಥ ಬೈಕಿಗೆ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ಗ್ಯಾರೇಜಿನಿಂದ ಹೊರಡುವಾಗ ಮಾಲೀಕನಿಗೆ ಮೂರು ಮಾತುಗಳನ್ನು ಹೇಳುವುದು ವಾಡಿಕೆ: "ನಲವತ್ತು ದಾಟಿಸಬ್ಯಾಡ್ರಿ, ಆಯಿಲ್ ಡಬಲ್ ಹಾಕ್ರಿ, ಸ್ಟ್ಯಾಂಡ್ ಮ್ಯಾಲೆ ಒಂದೆರಡು ತಾಸು ಹಂಗಽ ಓಡ್ಲಿ." ಈ ಮಾತುಗಳ ಹಿಂದೆ ಅನುಭವವಿದೆ, ನಿಜ. ಆದರೆ ಅವು ಭೌತವಿಜ್ಞಾನದ ಪರೀಕ್ಷೆಯಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತವೆ?

ಪ್ರಶ್ನೆ ಕ್ಷುಲ್ಲಕವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 250 ಸಿ.ಸಿ. ಯೆಜ್ಡಿಯನ್ನೇ ತೆಗೆದುಕೊಳ್ಳಿ. ಅದರ ಸಿಲಿಂಡರಿನ ವ್ಯಾಸ 65 ಮಿ.ಮೀ. ಒಮ್ಮೆ ಪಿಸ್ಟನ್ ಹಿಡಿದುಕೊಂಡು ಗೋಡೆಗೆ ಗೀರು ಬಿದ್ದರೆ ಮತ್ತೆ ಕೊರೆಸಿ, ಇನ್ನೂ ದೊಡ್ಡ ಪಿಸ್ಟನ್ ಹಾಕಬೇಕು. ಹಾಗೆ ಕೊರೆಯುವುದಕ್ಕೆ ಮಿತಿಯಿದೆ. ಕಾರ್ಖಾನೆ 1996ರಲ್ಲೇ ಮುಚ್ಚಿರುವುದರಿಂದ ಒಂದು ಸಿಲಿಂಡರ್ ಕೆಟ್ಟರೆ ಆಗುವ ನಷ್ಟ ಸಣ್ಣದಲ್ಲ.

ಮೊದಲ ಮಾತು ವೇಗದ್ದು. ಸ್ಪೀಡೋಮೀಟರ್ ತೋರಿಸುವುದು ಚಕ್ರದ ವೇಗವನ್ನು. ಸಿಲಿಂಡರಿನೊಳಗಿನ ಒತ್ತಡವನ್ನಾಗಲಿ ತಾಪವನ್ನಾಗಲಿ ಅಲ್ಲ. ಸುಳ್ಳದಿಂದ ಹುಬ್ಬಳ್ಳಿಗೆ ಕಡಲೆ ಚೀಲ ಹೇರಿಕೊಂಡು, ಎದುರುಗಾಳಿಯಲ್ಲಿ, ಟಾಪ್ ಗೇರಿನಲ್ಲಿ ನಲವತ್ತರಲ್ಲೇ ಹೊರಟರೆ ಎಂಜಿನ್ ತಿಣುಕುತ್ತದೆ. ಬರಿಗೈಲಿ, ಮೂರನೆಯ ಗೇರಿನಲ್ಲಿ ಅದೇ ನಲವತ್ತು ಹಗುರ. ವೇಗ ಒಂದೇ, ಹೊರೆ ಬೇರೆ.

ಅಪಾಯ ಎಲ್ಲಿದೆ ಎಂಬುದನ್ನು ಒಂದು ಸರಳ ಲೆಕ್ಕ ತೋರಿಸುತ್ತದೆ. ಪಿಸ್ಟನ್ನಿನ ಅಲ್ಯೂಮಿನಿಯಂ ಮಿಶ್ರಲೋಹದ ರೇಖೀಯ ವ್ಯಾಕೋಚನ ಗುಣಾಂಕ ಡಿಗ್ರಿಗೆ ಸುಮಾರು 0.00002, ಬೀಡು ಕಬ್ಬಿಣದ್ದು ಸುಮಾರು 0.000011. ಎರಡೂ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಪಿಸ್ಟನ್ 0.13 ಮಿ.ಮೀ., ಸಿಲಿಂಡರ್ 0.07 ಮಿ.ಮೀ. ಹಿಗ್ಗುತ್ತವೆ, ನಡುವಿನ ತೆರಪು 0.06 ಮಿ.ಮೀ. ಕುಗ್ಗುತ್ತದೆ. ಹಠಾತ್ತನೆ ಹೊರೆ ಬಿದ್ದಾಗ ಮೊದಲು ಕಾಯುವುದು ಪಿಸ್ಟನ್. ಅದು ಸಿಲಿಂಡರಿಗಿಂತ ಇನ್ನೂ 30 ಡಿಗ್ರಿ ಹೆಚ್ಚು ಬಿಸಿಯಾದರೆ ಮತ್ತೆ 0.04 ಮಿ.ಮೀ. ಹೋಯಿತು. ಒಟ್ಟು 0.1 ಮಿ.ಮೀ., ಅಂದರೆ ಹೆಚ್ಚುಕಡಿಮೆ ಒಂದು ಹಾಳೆಯ ದಪ್ಪ. ಮಿತಿ ಬೇಕಾದದ್ದು ಈ ತಾಪವ್ಯತ್ಯಾಸಕ್ಕೆ, ಅದನ್ನು ಉಂಟುಮಾಡುವ ಸತತ ಹೊರೆಗೆ.

ಎರಡನೆಯದು ಎಣ್ಣೆ. ಲೀಟರ್ ಪೆಟ್ರೋಲಿಗೆ 30 ಮಿ.ಲೀ. ಬದಲು 60 ಮಿ.ಲೀ. ಬೆರೆಸಿದರೆ, ಒಂದು ಲೀಟರ್ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು 971ರಿಂದ 943 ಮಿ.ಲೀ.ಗೆ ಇಳಿಯುತ್ತದೆ. ಮಿಶ್ರಣ ಮಂದವಾಗಿ ಜೆಟ್ಟಿನಲ್ಲಿ ನಿಧಾನವಾಗಿಯೂ ಹರಿಯುತ್ತದೆ. ಹೀಗಾಗಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಹೆಚ್ಚು ಕಾಯಬಹುದು. ಮೂರು ಶೇಕಡ ದೊಡ್ಡದಲ್ಲ. ಆದರೆ ಅದರ ದಿಕ್ಕು ನಾವು ಎಣಿಸಿದ್ದಕ್ಕೆ ವಿರುದ್ಧ. ಮೇಲಾಗಿ, ಉರಿಯದ ಎಣ್ಣೆ ಹೊಗೆಕಿಂಡಿಯಲ್ಲಿ ಇಂಗಾಲವಾಗಿ ಕೂರುತ್ತದೆ. ತಯಾರಕರು ಹೇಳಿದ ಅಳತೆಯೇ ಲೇಸು.

ಮೂರನೆಯದು ಎಲ್ಲಕ್ಕಿಂತ ದುರ್ಬಲ. ಹೋನಿಂಗ್ ಮಾಡಿದ ಗೋಡೆಯ ಸೂಕ್ಷ್ಮ ಉಬ್ಬುಗಳು ಸವೆದು ರಿಂಗ್ ಕೂರಬೇಕಾದರೆ ರಿಂಗ್ ಗೋಡೆಗೆ ಒತ್ತಬೇಕು. ಅದರ ಸ್ವಂತ ಬಿಗುವು ಅಲ್ಪ. ಉರಿದ ಅನಿಲ ರಿಂಗಿನ ಹಿಂದೆ ನುಗ್ಗಿ ಅದನ್ನು ಒತ್ತುತ್ತದೆ. ಹೊರೆಯಿಲ್ಲದೆ ನಿಂತಲ್ಲೇ ಓಡಿದರೆ ಆ ಒತ್ತಡವೂ ಇಲ್ಲ, ತಂಪಾಗಿಸುವ ಗಾಳಿಯೂ ಇಲ್ಲ.

ಹೇಳದೆ ಬಿಟ್ಟ ಇನ್ನೊಂದು ಮಾತು ಇದೆ. ಈ ಎಂಜಿನ್ನಿನಲ್ಲಿ ಎಣ್ಣೆ ಬರುವುದೇ ಪೆಟ್ರೋಲಿನ ಜೊತೆ. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿ, ಗೇರಿನಲ್ಲೇ ವೇಗವಾಗಿ ಇಳಿದರೆ ಪಿಸ್ಟನ್ ಓಡುತ್ತದೆ, ಕೀಲೆಣ್ಣೆ ಮಾತ್ರ ತೀರಾ ಕಡಿಮೆ. ಇದಕ್ಕೆ ನಾವು ಅಧ್ಯಾಪಕರೂ ಹೊಣೆ. ಹಲಗೆಯ ಮೇಲೆ ನಾವು ಬರೆಯುವ ಟೂ ಸ್ಟ್ರೋಕ್ ಚಿತ್ರದಲ್ಲಿ ಅನಿಲದ ಬಾಣಗಳಿರುತ್ತವೆ. ಎಣ್ಣೆಯ ದಾರಿ ಇರುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಎಂಜಿನ್ ಒಂದೆರಡು ನಿಮಿಷ ಬೆಚ್ಚಗಾಗಲಿ. ಖಾಲಿ ಬೈಕಿನಲ್ಲಿ ಹೊರಡಿ. ತಕ್ಕ ಗೇರಿನಲ್ಲಿ ಅರ್ಧ ಥ್ರಾಟಲ್‌ವರೆಗೆ ಕೆಲವು ಕ್ಷಣ ಎಳೆಸಿ, ಮತ್ತೆ ಸಡಿಲಿಸಿ. ಒಂದೇ ವೇಗದಲ್ಲಿ ಉದ್ದಕ್ಕೂ ಹೋಗಬೇಡಿ. ಇಳಿಜಾರಿನಲ್ಲಿ ಕ್ಲಚ್ ಹಿಡಿದು, ಬ್ರೇಕಿನ ಮೇಲೆ ಹತೋಟಿ ಇಟ್ಟುಕೊಳ್ಳಿ. ಸಣ್ಣ ಸವಾರಿಯ ಬಳಿಕ ಎಂಜಿನ್ ಪೂರ್ಣ ಆರಲಿ. ಮೊದಲ ಕೆಲವು ನೂರು ಕಿ.ಮೀ. ಹೊರೆಯನ್ನು ಹಂತ ಹಂತವಾಗಿ ಏರಿಸಿ. ಎರೆ ಮಣ್ಣಿನ ಧೂಳು ಒಳಸೇರದಂತೆ ಏರ್ ಫಿಲ್ಟರ್ ನೋಡಿಕೊಳ್ಳಿ.

ನಲವತ್ತರ ಮಿತಿ ಹೇಳಿದ ಮೆಕ್ಯಾನಿಕ್ ದಡ್ಡನಲ್ಲ; ಎಂಜಿನ್ ಕಾಯಬಾರದು ಎಂಬ ಅವನ ಆತಂಕ ಸರಿಯಾದದ್ದೇ. ಅದನ್ನು ಅಳೆಯಲು ಅವನ ಕೈಗೆ ಸಿಕ್ಕ ಉಪಕರಣ ಸ್ಪೀಡೋಮೀಟರ್ ಅಷ್ಟೆ. ವ್ಯಾಕೋಚನದ ಪಾಠದಲ್ಲಿ ರೈಲು ಹಳಿಯ ಉದಾಹರಣೆಯ ಜೊತೆಗೆ ಮೇಲಿನ ಲೆಕ್ಕವನ್ನೂ ವಿದ್ಯಾರ್ಥಿಗಳಿಂದ ಮಾಡಿಸಿ ನೋಡಿ. ಅವರಲ್ಲಿ ಯಾರದಾದರೂ ಮನೆಯ ಅಂಗಳದಲ್ಲಿ ಅಂಥ ಬೈಕು ನಿಂತಿರಬಹುದು.