ಹದಿಮೂರಕ್ಕೂ ಹದಿನಾಲ್ಕಕ್ಕೂ ನಡುವೆ

ಕಾಲಿಂಚಿನ ವಿಟ್‌ವರ್ಥ್ ಬೋಲ್ಟಿನ ನಟ್ಟು ಅಳೆದು ನೋಡಿ: ಎದುರುಬದುರು ಮುಖಗಳ ನಡುವೆ 13.3 ಮಿಲಿಮೀಟರ್. ಹದಿಮೂರರ ಪಾನಾ ಅದರ ಮೇಲೆ ಕೂರುವುದಿಲ್ಲ. ಹದಿನಾಲ್ಕರದು ಕೂರುತ್ತದೆ, ಆದರೆ ಕೈ ಬಿಗಿ ಮಾಡಿದ ಕೂಡಲೇ ಜಾರಿ ಮೂಲೆ ತಿನ್ನುತ್ತದೆ. ಎರಡು ಮೂರು ಸಲ ಹೀಗಾದರೆ ಆರು ಮೂಲೆಯ ನಟ್ಟು ಉರುಟಾಗಿ ಹೋಗುತ್ತದೆ, ಆಮೇಲೆ ಚಾಣ ಇಟ್ಟು ಒಡೆಯುವುದೊಂದೇ ದಾರಿ. ಹೊಸಪೇಟೆಯಲ್ಲಿ ಹಳೇ ಬುಲೆಟ್ ಇಟ್ಟುಕೊಂಡವರಿಗೆ, ಕಂಪ್ಲಿ ಕಡೆ ಇನ್ನೂ ಲಿಸ್ಟರ್ ಮಾದರಿಯ ಎಂಜಿನ್ ಓಡಿಸುವವರಿಗೆ ಈ ಸಂಕಟ ಗೊತ್ತು. ಮದ್ದೂ ಗೊತ್ತು: ಹಿಡಿಯ ಮೇಲೆ ‘1/4 ಡಬ್ಲ್ಯು, 5/16 ಬಿಎಸ್’ ಎಂದು ಅಚ್ಚೊತ್ತಿದ ಪಾನಾ. ಮಗ್ಗುಲಲ್ಲಿ ‘ಗೆಡೋರ್ ಇಂಡಿಯಾ’ ಎಂದೂ ಇದ್ದರೆ ನಾನು ಚೌಕಾಸಿ ಮಾಡುವುದನ್ನೂ ಮರೆಯುತ್ತೇನೆ.

ಗೆಡೋರ್ ಮೂಲತಃ ಜರ್ಮನಿಯದು. 1919ರಲ್ಲಿ ರೆಮ್‌ಶೈಡ್ ಎಂಬ ಊರಿನಲ್ಲಿ ಡೊವಿಡಾಟ್ ಸಹೋದರರು ಕಟ್ಟಿದ ಕಂಪನಿ, ಅಲ್ಲಿ ಈಗಲೂ ನಡೆಯುತ್ತಿದೆ. ನಮ್ಮ ಗ್ಯಾರೇಜುಗಳಿಗೆ ಬಂದದ್ದು ಅದರ ಭಾರತದ ಕವಲು, ಫರೀದಾಬಾದಿನ ಝಲಾನಿ ಮನೆತನದ ಗೆಡೋರ್ ಟೂಲ್ಸ್. ಮುಂದೆ ಅದು ಝಲಾನಿ ಟೂಲ್ಸ್ ಎಂದಾಯಿತು, ನಷ್ಟಕ್ಕೆ ಬಿತ್ತು, ಬಾಗಿಲು ಹಾಕಿತು. ಅಂಗಡಿಯಲ್ಲಿ ಹೊಸದು ಕೇಳಿದರೆ ಈಗ ಬೇರೆ ಬೇರೆ ಕಂಪನಿಗಳ ಹೆಸರು ಹೇಳುತ್ತಾರೆ. ಅವೂ ಒಳ್ಳೆಯವೇ, ಅದರಲ್ಲಿ ತಕರಾರಿಲ್ಲ. ಆದರೆ ಹೊಸ ಸೆಟ್ಟುಗಳು ಹೆಚ್ಚಾಗಿ ಮಿಲಿಮೀಟರಿನವು. ವಿಟ್‌ವರ್ಥ್ ಲೆಕ್ಕದ ಪಾನಾ ಬೇಕೆಂದರೆ ಗುಜರಿ ಅಂಗಡಿಯೇ ಗತಿ.

ಗುಜರಿಯವನಿಗೆ ಇದರ ಬೆಲೆ ಗೊತ್ತಿಲ್ಲ, ಅದೇ ನಮ್ಮಂಥವರ ಪುಣ್ಯ. ‘ಇದಕ್ಕ ನಂಬರೇ ಸರಿ ಇಲ್ಲ ಅಣ್ಣಾ, ಹದಿಮೂರೂ ಅಲ್ಲ ಹದಿನಾಲ್ಕೂ ಅಲ್ಲ. ತೂಕಕ್ಕ ತಗೊಂಡು ಹೋಗ್ರಿ’ ಎಂದು ತಕ್ಕಡಿಗೆ ಹಾಕುತ್ತಾನೆ. ಅವನ ದೃಷ್ಟಿಯಲ್ಲಿ ನಂಬರು ಕೂಡದ ಪಾನಾ ಬರೀ ಕಬ್ಬಿಣ. ಅವನ ಮಾತಿನಲ್ಲಿ ಸುಳ್ಳೇನೂ ಇಲ್ಲ.

ಹಿಡಿಯ ಮೇಲೆ ಅರ್ಧ ಇಂಚು ಎಂದು ಬರೆದ ವಿಟ್‌ವರ್ಥ್ ಪಾನಾದ ಬಾಯಿ ಅಳೆದರೆ ಇಂಚಿಗೆ ಸ್ವಲ್ಪವೇ ಕಡಿಮೆ, 0.92 ಇಂಚು. ಮೊದಲ ಸಲ ನೋಡುವವರಿಗೆ ಇದು ಅಚ್ಚಿನ ತಪ್ಪು ಅನ್ನಿಸುತ್ತದೆ. ತಪ್ಪಲ್ಲ. ಆ ಅರ್ಧ ಇಂಚು ನಟ್ಟಿನ ಅಳತೆಯಲ್ಲ, ನಟ್ಟಿನೊಳಗೆ ಹೋಗುವ ಬೋಲ್ಟಿನ ದಪ್ಪ. ಅಮೆರಿಕದ ಯಂತ್ರಗಳ ಪಾನಾದಲ್ಲಿ ‘ಎಎಫ್’ ಎಂದಿರುತ್ತದೆ, ಅಲ್ಲಿ ಅರ್ಧ ಇಂಚು ಎಂದರೆ ನಟ್ಟಿನ ಮೈ ಅಗಲ, ಅಂದರೆ 12.7 ಮಿಲಿಮೀಟರ್. ಎರಡರ ಮೇಲೂ ಅದೇ ಅರ್ಧ ಇಂಚು. ಒಂದರ ಬಾಯಿಯೊಳಗೆ ಇನ್ನೊಂದರ ನಟ್ಟು ಗಿರಗಿರ ತಿರುಗುತ್ತದೆ.

ಜೋಸೆಫ್ ವಿಟ್‌ವರ್ಥ್ ಈ ಲೆಕ್ಕ ಹಾಕಿದ್ದು 1841ರಲ್ಲಿ. ಅದಕ್ಕೂ ಮುಂಚೆ ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಗೂ ಒಂದೊಂದು ಬಗೆಯ ಸ್ಕ್ರೂ. ಆತ ಹಲವು ಕಾರ್ಖಾನೆಗಳ ಸ್ಕ್ರೂ ತರಿಸಿ, ಅಳೆದು, ಸರಾಸರಿ ತೆಗೆದು, ಮರೆಯ ಕೋನ 55 ಡಿಗ್ರಿ ಎಂದು ನಿಗದಿ ಮಾಡಿದ. ಅಮೆರಿಕದವರು ಆಮೇಲೆ 60 ಡಿಗ್ರಿ ಹಿಡಿದರು, ಮೆಟ್ರಿಕ್ ಕೂಡ 60, ಅದರ ಮರೆಗಳ ಅಂತರವೂ ಬೇರೆ. ಹಾಗಾಗಿ ದಪ್ಪ ಹೊಂದಿತೆಂದು ಹಳೇ ಬೋಲ್ಟಿಗೆ ಹೊಸ ಮೆಟ್ರಿಕ್ ನಟ್ಟು ಹಾಕಿ ತಿರುಗಿಸಿದರೆ ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಅಷ್ಟಕ್ಕೇ ನಿಲ್ಲಿಸುವವನು ಜಾಣ. ಇನ್ನೂ ಒತ್ತಿದರೆ ಮರೆ ಹೋಯಿತೆಂದೇ ಲೆಕ್ಕ.

ಇದರ ಮೇಲೆ ಇನ್ನೊಂದು ತೊಡಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಕ್ಕು ಉಳಿಸಲೆಂದು ಬ್ರಿಟಿಷರು ವಿಟ್‌ವರ್ಥ್ ಬೋಲ್ಟಿನ ತಲೆಯನ್ನು ಒಂದು ಅಳತೆ ಚಿಕ್ಕದು ಮಾಡಿದರು. ಅದೇ ಕಾಲಿಂಚಿನ ಬೋಲ್ಟು ಒಂದು ಯಂತ್ರದಲ್ಲಿ ದೊಡ್ಡ ತಲೆಯದು, ಇನ್ನೊಂದರಲ್ಲಿ ಸಣ್ಣ ತಲೆಯದು. ಹಳೇ ಪಾನಾದ ಮೇಲೆ ಎರಡೆರಡು ಅಳತೆ ಬರೆದಿರುವುದು ಸುಮ್ಮನೆ ಅಲ್ಲ. ಎಂಜಿನ್ ಎದುರು ಕುಳಿತು ನಟ್ಟನ್ನು ಕಣ್ಣಳತೆಯಲ್ಲೇ ನೋಡಿ ‘ಇದಕ್ಕ ಐದು ಹದಿನಾರು ಕೊಡು’ ಎಂದು ಹುಡುಗನಿಗೆ ಕೈ ಚಾಚುವ ಮಿಸ್ತ್ರಿಗಳನ್ನು ಕಂಪ್ಲಿಯಲ್ಲಿ ಕಂಡಿದ್ದೇನೆ. ಆ ವಿದ್ಯೆಗೆ ನನ್ನ ಇಡೀ ಸಂಗ್ರಹ ಕೊಟ್ಟರೂ ಕಡಿಮೆಯೇ.

ಈ ಸೀಮೆಯಲ್ಲಿ ಇಂಚು ಇಷ್ಟು ಆಳಕ್ಕೆ ಇಳಿಯಲು ಕಾರಣ ಉಂಟು. ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿಯಲ್ಲಿ, ನೀರು ನಿಂತದ್ದು 1953ರಲ್ಲಿ. ದೇಶದಲ್ಲಿ ಮೆಟ್ರಿಕ್ ಕಾನೂನು ಆದದ್ದು 1956ರಲ್ಲಿ. ಅಂದರೆ ಅಣೆಕಟ್ಟಿಗೆ ಆಗ ಕೂರಿಸಿದ 33 ಗೇಟುಗಳೂ ಅಡಿ-ಇಂಚಿನ ಮಕ್ಕಳು: ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಆ ಗೇಟುಗಳ ಕೆಲಸಕ್ಕೆಂದು ಹುಟ್ಟಿದ ಕಾರ್ಯಾಗಾರವೇ 1960ರಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಂಪನಿಯಾಯಿತು. ಊರಿನವರ ಬಾಯಲ್ಲಿ ಟಿಎಸ್‌ಪಿ. ದೇಶದ ಎಷ್ಟೋ ಅಣೆಕಟ್ಟುಗಳ ಗೇಟು ಹೊಸಪೇಟೆಯಿಂದ ಹೋದವು. 2015ರ ಕೊನೆಯಲ್ಲಿ ಅದನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಬ್ರ್ಯಾಂಡು ನಿಂತುಹೋಗುವುದು ಎಂದರೆ ಏನೆಂದು ಈ ಊರಿಗೆ ಫರೀದಾಬಾದಿನವರು ಹೇಳಿಕೊಡಬೇಕಾಗಿಲ್ಲ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ ಕರೆಸಿದ್ದು ಯಾರನ್ನು? ಇದೇ ಟಿಎಸ್‌ಪಿಯಲ್ಲಿ ದುಡಿದಿದ್ದ ಕನ್ನಯ್ಯ ನಾಯ್ಡು ಅವರನ್ನು. ತುಂಬಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು, ವಾರದೊಳಗೆ ನೀರು ನಿಂತಿತು. ಕಂಪನಿ ಮುಚ್ಚಿದರೂ ಕೈಗಳು ಊರಲ್ಲಿ, ಊರಾಚೆ ಉಳಿದಿರುತ್ತವೆ. ಆ ಕೈಗಳ ಪೆಟ್ಟಿಗೆಯಲ್ಲಿ ಏನಿರುತ್ತದೆ ಎಂದು ನೋಡುವ ಚಟ ನನ್ನದು.

ಸಂಡೂರಿನ ಪೆಟ್ಟಿಗೆ ಬೇರೆ. ಅಲ್ಲಿ ಯಂತ್ರಕ್ಕಿಂತ ಲಾರಿ ದೊಡ್ಡದು. ಟಾಟಾ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಶುರುಮಾಡಿದ್ದರಿಂದ ಅದರ ನಟ್ಟು ಬೋಲ್ಟು ಮೊದಲಿನಿಂದಲೂ ಮಿಲಿಮೀಟರಿನವು. ಅಶೋಕ್ ಲೇಲ್ಯಾಂಡಿನ ಹಳೇ ಲಾರಿಗಳು ಇಂಗ್ಲೆಂಡಿನ ಲೇಲ್ಯಾಂಡ್ ವಂಶದವು, ಇಂಚಿನವು. ಹೀಗಾಗಿ ಟಾಟಾ ಮಿಸ್ತ್ರಿಯ ಪೆಟ್ಟಿಗೆಗೂ ಲೇಲ್ಯಾಂಡ್ ಮಿಸ್ತ್ರಿಯ ಪೆಟ್ಟಿಗೆಗೂ ಮದುವೆ ಸಂಬಂಧ ಕೂಡುತ್ತಿರಲಿಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರಿನ ಲಾರಿಗಳು ಸಾಲಾಗಿ ನಿಂತವು. ಗ್ಯಾರೇಜುಗಳ ಸಾಮಾನು ಗುಜರಿಗೆ ಬಂತು. ಆ ಕಾಲದಲ್ಲಿ ಪಾನಾ ಕೊಂಡವರಲ್ಲಿ ನಾನೂ ಒಬ್ಬ. ಒಬ್ಬನ ನಷ್ಟದಲ್ಲಿ ಇನ್ನೊಬ್ಬನ ಸಂಗ್ರಹ ಬೆಳೆಯುತ್ತದೆ ಎಂಬುದು ಈ ಹವ್ಯಾಸದ ಅಷ್ಟೇನೂ ಚಂದವಲ್ಲದ ಮುಖ. ಅದನ್ನು ಮುಚ್ಚಿಟ್ಟು ಬರೀ ಉಕ್ಕಿನ ಸೊಬಗು ಹೊಗಳುವವರ ಮಾತು ನನಗೆ ಸೇರುವುದಿಲ್ಲ.

ಸೊಬಗು ಇಲ್ಲವೆಂದಲ್ಲ. ಒಳ್ಳೆಯ ಗೆಡೋರ್ ಡಬಲ್ ಎಂಡ್ ಪಾನಾ ಕೈಗೆ ತಗೊಳ್ಳಿ. ಹಿಡಿಯ ನಡುಭಾಗ ತೆಳ್ಳಗಿದ್ದು ಅಂಚು ದುಂಡಗಿರುತ್ತದೆ, ಅಂಗೈಗೆ ಒತ್ತುವುದಿಲ್ಲ. ತಲೆ ಹಿಡಿಗೆ ನೇರವಾಗಿಲ್ಲ, 15 ಡಿಗ್ರಿ ಓರೆ. ಏಕೆ? ಇಕ್ಕಟ್ಟಿನಲ್ಲಿ ಕೈ ಆಡಲು ಜಾಗ ಇಲ್ಲದಾಗ ಒಂದು ಸಲ ತಿರುಗಿಸಿ, ಪಾನಾ ಮಗುಚಿ ಹಾಕಿದರೆ ನಟ್ಟು ಮತ್ತೆ ಬಾಯಿಗೆ ಸಿಗುತ್ತದೆ. 30 ಡಿಗ್ರಿಯಷ್ಟು ಜಾಗ ಸಿಕ್ಕರೂ ಕೆಲಸ ಸಾಗುತ್ತದೆ. ಬುಲೆಟ್ಟಿನ ಎಂಜಿನ್ನಿಗೂ ಫ್ರೇಮಿಗೂ ನಡುವೆ ಕೈ ತೂರಿಸಿದವರಿಗೆ ಈ ಓರೆಯ ಬೆಲೆ ಗೊತ್ತು. ಹಿಡಿಯ ಉದ್ದವೂ ಲೆಕ್ಕದ್ದೇ. ಸಣ್ಣ ಬೋಲ್ಟಿಗೆ ಗಿಡ್ಡ ಪಾನಾ, ದೊಡ್ಡದಕ್ಕೆ ಉದ್ದ ಪಾನಾ; ಮನುಷ್ಯನ ಕೈಬಲ ಆ ಬೋಲ್ಟು ತಡೆಯುವುದಕ್ಕಿಂತ ಮೀರದಂತೆ. ಅದಕ್ಕೆ ಪೈಪು ತೊಡಿಸಿ ಜಗ್ಗುವವನ ಪೆಟ್ಟಿಗೆಯ ಪಾನಾ ನಾನು ಪುಕ್ಕಟೆ ಕೊಟ್ಟರೂ ತಗೊಳ್ಳುವುದಿಲ್ಲ. ಬಾಯಿ ಅಗಲಿಸಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ನಟ್ಟಿನ ಮೇಲೆ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಜೇಬಿನಲ್ಲಿ ಹೊಸದಾದ ಕಾಲಿಂಚಿನ ನಟ್ಟೊಂದು ಇಟ್ಟುಕೊಂಡೇ ಗುಜರಿ ಅಂಗಡಿಗೆ ಹೋಗುವುದು ಲೇಸು.

ಹೀಗೆ ನಟ್ಟು ನೋಡಿ ಪಾನಾದ ಗುಣ ಹೇಳುವುದಕ್ಕೂ ಹಂಪಿಯ ಬಂಡೆ ನೋಡುವುದಕ್ಕೂ ಹೆಚ್ಚು ಅಂತರವಿಲ್ಲ. ಅಲ್ಲಿನ ಬಂಡೆಗಳ ಅಂಚಿನಲ್ಲಿ ಬೆಣೆ ಹೊಡೆದ ಚೌಕ ಗುಳಿಗಳ ಸಾಲು ಎಲ್ಲೆಂದರಲ್ಲಿ ಕಾಣುತ್ತದೆ. ಪ್ರವಾಸಿಗಳು ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಳ್ಳುವಾಗ ನಾನು ಈ ಗುಳಿಗಳ ಅಂತರ ಗೇಣಿನಿಂದ ಅಳೆಯುತ್ತಾ ನಿಲ್ಲುತ್ತೇನೆ. ಕೆಲವು ಕಡೆ ಅಂತರ ಒಂದೇ ಸಮ, ಬಂಡೆ ಗೆರೆ ಎಳೆದಂತೆ ಸೀಳಿದೆ. ಕೆಲವು ಕಡೆ ಅಡ್ಡಾದಿಡ್ಡಿ, ಬಿರುಕು ದಾರಿ ತಪ್ಪಿದೆ, ಕೆಲಸ ಅಲ್ಲಿಗೇ ಬಿಟ್ಟಿದ್ದಾರೆ. ಆ ಚಾಣ, ಆ ಬೆಣೆ ಯಾವುದೂ ಕೈಗೆ ಸಿಗುವುದಿಲ್ಲ. ಅವಕ್ಕೆ ಕಂಪನಿಯ ಮುದ್ರೆಯೂ ಇರಲಿಲ್ಲ, ಊರ ಕಮ್ಮಾರನೇ ಕಂಪನಿ. ಮೊನೆ ಮೊಂಡಾದಾಗ ಕುಲುಮೆಗೆ ಹಾಕಿ, ಬಡಿದು, ನೀರು ಕುಡಿಸಿ ಹದ ಕೊಡುತ್ತಿದ್ದ. ಕಲ್ಲುಕೆಲಸದವರ ಮಗ್ಗುಲಲ್ಲಿ ಸಣ್ಣದೊಂದು ಕುಲುಮೆ ಇಂದಿಗೂ ಇರುತ್ತದೆ.

ಹದದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ತುಕ್ಕು ಹಿಡಿದ ಪಾನಾ ಸಿಕ್ಕಿತೆಂದು ಗ್ರೈಂಡರಿಗೆ ಕೊಡಬೇಡಿ. ಉಕ್ಕು ವಿಪರೀತ ಕಾದರೆ ಆ ಜಾಗದ ಹದ ಹೋಗುತ್ತದೆ, ಆಮೇಲೆ ಬಾಯಿ ಬಿಗಿ ನಿಲ್ಲುವುದಿಲ್ಲ. ಸೀಮೆಎಣ್ಣೆಯಲ್ಲಿ ಒಂದೆರಡು ದಿನ ನೆನೆಹಾಕಿ, ತಂತಿ ಬ್ರಷ್ಷಿನಿಂದ ಉಜ್ಜಿ. ಹಟಮಾರಿ ತುಕ್ಕಿಗೆ ಹುಣಸೆಹುಳಿ ಸಾಕು, ಅದೂ ಒಂದು ರಾತ್ರಿ ಮಾತ್ರ. ಬೆಳಗ್ಗೆ ಸೋಡಾ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟರೆ ಮುಗಿಯಿತು. ಕ್ರೋಮು ಎದ್ದಿದ್ದರೆ ಎದ್ದಿರಲಿ. ಮತ್ತೆ ಕ್ರೋಮು ಹಾಕಿಸಿ ಮಿಂಚಿಸಿದ ಪಾನಾ ನೋಡಿದರೆ ನನಗೆ ಹಲ್ಲು ಕಟ್ಟಿಸಿಕೊಂಡ ಮುದುಕನ ನಗು ನೆನಪಾಗುತ್ತದೆ. ಎಣ್ಣೆ ಸವರುವುದಾದರೆ ಹೊಸಪೇಟೆಯಲ್ಲಿ ಧಾರಾಳವಾಗಿ ಸವರಿ. ಸಂಡೂರಿನಲ್ಲಿ ಸವರಿ ಒರೆಸಿಬಿಡಿ. ಅಲ್ಲಿನ ಕೆಂಪು ದೂಳು ಹೆಮಟೈಟ್. ಚಿನ್ನ ಬೆಳ್ಳಿಗೆ, ಕನ್ನಡಿ ಗಾಜಿಗೆ ಹೊಳಪು ಕೊಡುವ ಕೆಂಪು ಪುಡಿ ಅದೇ ಕಬ್ಬಿಣದ ಆಕ್ಸೈಡು. ಎಣ್ಣೆ ಜೊತೆ ಸೇರಿ ನಟ್ಟಿಗೆ ಹತ್ತಿದರೆ ಅದು ಮರೆಗಳನ್ನು ನಿಧಾನಕ್ಕೆ ತೇಯುತ್ತದೆ.

ಸಂಗ್ರಹಕಾರರಲ್ಲಿ ಎರಡು ಜಾತಿ. ಒಂದು, ಬೋರ್ಡಿಗೆ ಮೊಳೆ ಹೊಡೆದು ಅಳತೆ ಪ್ರಕಾರ ನೇತುಹಾಕುವವರು. ಇನ್ನೊಂದು, ಬಳಸಲೆಂದೇ ಇಟ್ಟುಕೊಳ್ಳುವವರು; ನಾನು ಆ ಜಾತಿ. ನಟ್ಟು ಇರುವತನಕ ಪಾನಾ; ಈ ಸೀಮೆಯ ಕಡೆಯ ವಿಟ್‌ವರ್ಥ್ ನಟ್ಟು ಕರಗಲು ಹೋದ ದಿನ ನನ್ನ ಪೆಟ್ಟಿಗೆಯೂ ತೂಕಕ್ಕೇ ಹೋಗಲಿ. ಆ ದಿನ ಇನ್ನೂ ಬಂದಿಲ್ಲ. ಈ ಲಿಸ್ಟರ್ ಡೀಸೆಲ್ ಎಂಜಿನ್ ಇಂಗ್ಲೆಂಡಿನ ಡರ್ಸ್ಲಿಯಲ್ಲಿ ಹುಟ್ಟಿದ್ದು 1929ರ ಸುಮಾರಿಗೆ. ನಿಮಿಷಕ್ಕೆ 650 ಸುತ್ತು, ಅವಸರವೇ ಗೊತ್ತಿಲ್ಲದ ಎಂಜಿನ್. ಅದನ್ನೇ ನೋಡಿ ರಾಜಕೋಟಿನವರು ಎಷ್ಟೋ ದಶಕ ಮಾಡಿ ಮಾರಿದರು. ಕಂಪ್ಲಿ ಸುತ್ತ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಗದ್ದೆಗೆ ನೀರುಣಿಸುತ್ತವೆ. ಕಾಲುವೆಗಿಂತ ಎತ್ತರದ ಹೊಲಕ್ಕೆ ನೀರೆತ್ತಲು ಇಂಥ ಎಂಜಿನ್ನುಗಳು ಬಂದವು. ಕರೆಂಟು ಬಂದ ಮೇಲೆ ಬಹಳಷ್ಟು ಮೂಲೆ ಸೇರಿದವು, ಪೂರ್ತಿ ಸತ್ತಿಲ್ಲ.

ಅಂಥದೊಂದರ ತಲೆ ಬಿಚ್ಚುವಾಗ ನನ್ನ ಪಾನಾ ಕೇಳಿ ಪಡೆದ ಮಿಸ್ತ್ರಿಯೊಬ್ಬ ಕೆಲಸ ಮುಗಿದ ಮೇಲೂ ಅದನ್ನು ಬಟ್ಟೆಯಲ್ಲಿ ಒರೆಸುತ್ತಲೇ ಕುಳಿತ. ‘ಯಜಮಾನ್ರೇ, ಇದನ್ನ ಇಲ್ಲೇ ಬಿಟ್ಟು ಹೋಗ್ರಿ. ಮನ್ಯಾಗ ಇಟ್ಕೊಂಡು ಏನ್ ಮಾಡ್ತೀರಿ?’ ಎಂದ. ಉತ್ತರ ಹೊಳೆಯಲಿಲ್ಲ. ಬಿಟ್ಟು ಬಂದೆ. ಬದಲಿಗೆ ಅವನ ಹತ್ತಿರ ಎರಡೆರಡಿದ್ದ ರಿಂಗ್ ಪಾನಾದಲ್ಲಿ ಒಂದು ತಂದೆ, ಅಷ್ಟರಮಟ್ಟಿಗೆ ನಾನೂ ವ್ಯಾಪಾರಿಯೇ.

ಈ ದಾರಿಗೆ ಹೊಸದಾಗಿ ಬರುವವರು ಎಲ್ಲ ಅಳತೆಗೂ ಬೀಳಬೇಕಾಗಿಲ್ಲ. 3/8 ವಿಟ್‌ವರ್ಥಿಗೆ ಹೆಚ್ಚು ದುಡ್ಡು ಕೊಡಬೇಡಿ. ಆ ನಟ್ಟು 18 ಮಿಲಿಮೀಟರಿಗೆ ಕೂದಲೆಳೆ ಹತ್ತಿರ, ಮನೆಯಲ್ಲಿರುವ ಹದಿನೆಂಟರ ಪಾನಾ ಬಹುಮಟ್ಟಿಗೆ ಕೂರುತ್ತದೆ. 7/16ಕ್ಕೆ ಇಪ್ಪತ್ತೊಂದು ನಡೆಯುತ್ತದೆ. 3/16, 1/4, 5/16, 1/2 ಈ ನಾಲ್ಕಕ್ಕೆ ಮಿಲಿಮೀಟರಿನಲ್ಲಿ ಜೋಡಿಯಿಲ್ಲ. ಕಂಡಲ್ಲಿ ತಗೊಳ್ಳಿ, ಮುದ್ರೆ ಗೆಡೋರ್ ಇರಲಿ ಬಿಡಲಿ. ಎರಡು ಸಿಕ್ಕರೆ ಒಂದು ನನಗಿರಲಿ. ಕಾಲಿಂಚಿನದು ಈಗ ಕಂಪ್ಲಿಯಲ್ಲಿದೆ.